ಊರಂಚಿನ ರಾತ್ರಿಗೆ ಸೆಕೆ ಬಂದದ್ದು ಎಲ್ಲಿಂದ?

ಬೆಂಗಳೂರಿನ ಅಂಚಿನ ಹಳ್ಳಿಯೊಂದರಲ್ಲಿ ಸೈಟು ಕೊಂಡು ಮನೆ ಕಟ್ಟಿಸಿದ ಓದುಗರೊಬ್ಬರು ಕೇಳಿದ್ದಾರೆ: “ನಾವು ಬಂದಾಗ ಸುತ್ತ ರಾಗಿ ಹೊಲವಿತ್ತು, ಬೇಸಿಗೆಯಲ್ಲೂ ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುತ್ತಿದ್ದೆವು. ಈಗ ಫ್ಯಾನಿಲ್ಲದೆ ನಿದ್ದೆ ಹತ್ತುವುದಿಲ್ಲ. ಇದು ಜಾಗತಿಕ ತಾಪಮಾನ ಏರಿಕೆಯೇ?”

ಅದರ ಪಾಲೂ ಇದೆ. ಆದರೆ ಕೆಲವೇ ವರ್ಷಗಳಲ್ಲಿ, ಅದೂ ರಾತ್ರಿಯಲ್ಲಿ, ಮೈಗೆ ತಿಳಿಯುವಷ್ಟು ಬದಲಾವಣೆ ಆಗಿದ್ದರೆ ಕಾರಣವನ್ನು ಮೊದಲು ಅವರ ಬೀದಿಯಲ್ಲೇ ಹುಡುಕಬೇಕು. ಈ ಹುಡುಕಾಟಕ್ಕೆ ಇನ್ನೂರು ವರ್ಷ ವಯಸ್ಸಾಗಿದೆ. ಅದು ಶುರುವಾದದ್ದೂ ಊರಂಚಿನ ಹಳ್ಳಿಯೊಂದರಲ್ಲೇ.

ಲಂಡನ್ನಿನ ಪೂರ್ವಕ್ಕೆ ಪ್ಲಾಸ್ಟೋ ಎಂಬ ಹಳ್ಳಿಯಿತ್ತು. ಲ್ಯೂಕ್ ಹೊವಾರ್ಡ್ ಅಲ್ಲಿ ರಾಸಾಯನಿಕ ತಯಾರಿಕೆಯ ಕೆಲಸ ನಡೆಸುತ್ತಿದ್ದ. ಮೋಡಗಳಿಗೆ ಕ್ಯುಮುಲಸ್, ಸ್ಟ್ರೇಟಸ್, ಸಿರಸ್ ಎಂದು 1802ರಲ್ಲಿ ಹೆಸರಿಟ್ಟವನು ಇವನೇ. ಆ ಕೀರ್ತಿಯ ನೆರಳಲ್ಲಿ ಅವನ ಇನ್ನೊಂದು ಕೆಲಸ ಮರೆಯಾಗಿದೆ. ನನಗೆ ಅದೇ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಪ್ಲಾಸ್ಟೋ, ಆಮೇಲೆ ಟಾಟನ್‌ಹ್ಯಾಮ್ ಮೊದಲಾದ ಊರಾಚೆಯ ಜಾಗಗಳಲ್ಲಿ ಅವನು ದಿನದಿನದ ಉಷ್ಣತೆ ಬರೆದಿಟ್ಟ. ಅದನ್ನು ನಗರದ ನಡುವೆ ರಾಯಲ್ ಸೊಸೈಟಿಯ ಉಷ್ಣಮಾಪಕ ತೋರಿಸಿದ ಅಂಕಿಗಳೊಂದಿಗೆ ಹೋಲಿಸಿದ. ‘ದಿ ಕ್ಲೈಮೇಟ್ ಆಫ್ ಲಂಡನ್’ ಪುಸ್ತಕದ ಮೊದಲ ಸಂಪುಟ 1818ರಲ್ಲಿ ಬಂತು. ಅವನ ಲೆಕ್ಕದಲ್ಲಿ ಹಳ್ಳಿಗಿಂತ ನಗರ ರಾತ್ರಿಯಲ್ಲಿ 3.70 ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬಿಸಿ, ಅಂದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್. ಹಗಲಿನಲ್ಲಿ ಮಾತ್ರ ನಗರವೇ 0.34 ಡಿಗ್ರಿ ಫ್ಯಾರನ್‌ಹೀಟ್ ತಂಪು!

ನನ್ನನ್ನು ಹಿಡಿದು ನಿಲ್ಲಿಸುವುದು ಈ ಎರಡನೆಯ ಅಂಕಿ. ನಗರವೆಂದರೆ ಬರೀ ಕಾವಿನ ಒಲೆ ಅಲ್ಲ ಎಂದು ಅದು ಹೇಳುತ್ತದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ: ಹಗಲಿನ ಬಿಸಿ ರಾತ್ರಿ ಯಾಕೆ ಹೊರಟುಹೋಗುವುದಿಲ್ಲ?

ಹೋಗುವ ದಾರಿ ಮೇಲಕ್ಕೆ. ನೆಲವೂ ಗೋಡೆಯೂ ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ಶಾಖವನ್ನು ಬಿಡುತ್ತಲೇ ಇರುತ್ತವೆ. ಆಕಾಶ ತೆರೆದಿದ್ದರೆ ಅದು ದಾಟಿಹೋಗುತ್ತದೆ. ಉತ್ತರ ಭಾರತದ ಬಯಲಿನವರಿಗೆ ಇದು ಕೈಗೆ ಹತ್ತಿದ ವಿದ್ಯೆಯಾಗಿತ್ತು. ಅಲಹಾಬಾದಿನ ಕಡೆ ಚಳಿಗಾಲದ ರಾತ್ರಿ ಬಯಲಲ್ಲಿ ತಗ್ಗು ತೋಡಿ, ಹುಲ್ಲು ಹಾಸಿ, ಅದರ ಮೇಲೆ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಮಂಜುಗಡ್ಡೆ ಮಾಡುತ್ತಿದ್ದುದನ್ನು ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬಾರ್ಕರ್ 1775ರಲ್ಲೇ ವರ್ಣಿಸಿದ್ದ. ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯ ಇಬ್ಬನಿಯ ಬಗ್ಗೆ 1814ರಲ್ಲಿ ಬರೆದ ಪ್ರಬಂಧದಲ್ಲಿ ಇದರ ಗುಟ್ಟನ್ನು ಬಿಡಿಸಿದ. ಹಲಗೆಯ ಮೇಲೊಂದು, ಅಡಿಗೊಂದು ಉಣ್ಣೆಯ ಕುಚ್ಚನ್ನಿಟ್ಟು ಬೆಳಗ್ಗೆ ತೂಗಿದ: ಆಕಾಶಕ್ಕೆ ಮುಖಮಾಡಿದ್ದು ಹೆಚ್ಚು ಇಬ್ಬನಿ ಹೀರಿತ್ತು, ಏಕೆಂದರೆ ಅದು ಹೆಚ್ಚು ತಣಿದಿತ್ತು.

ಈಗ ಒಂದು ಬಾವಿಯ ತಳದಲ್ಲಿ ನಿಂತು ಮೇಲೆ ನೋಡಿ. ಬಾಯಿ ಎಷ್ಟಗಲವೋ ಅಷ್ಟೇ ಆಕಾಶ. ತಳದಿಂದ ಹೊರಟ ಶಾಖದ ಬಹುಪಾಲು ಬಾವಿಯ ಗೋಡೆಗೆ ತಾಗುತ್ತದೆ, ಗೋಡೆ ಅದನ್ನು ಎದುರು ಗೋಡೆಗೆ ದಾಟಿಸುತ್ತದೆ, ಅದು ಮತ್ತೆ ತಳಕ್ಕೆ. ಬಾವಿ ಆಳವಾದಷ್ಟೂ ಶಾಖ ಹೊರಬೀಳುವುದು ತಡ. ಎರಡು ಕಡೆ ಮೂರ್ನಾಲ್ಕು ಅಂತಸ್ತು ಎದ್ದ, ನಡುವೆ ಇಪ್ಪತ್ತಡಿ ದಾರಿಯಿರುವ ಬೀದಿ ಉದ್ದಕ್ಕೆ ಎಳೆದ ಬಾವಿಯೇ. ಕೆನಡಾದ ಹವಾಮಾನ ವಿಜ್ಞಾನಿ ಟಿಮೊಥಿ ಓಕ್ ಈ ತಿಳಿವಳಿಕೆಗೆ ಲೆಕ್ಕದ ರೂಪ ಕೊಟ್ಟರು: ಬೀದಿಯ ಅಗಲಕ್ಕೆ ಹೋಲಿಸಿದರೆ ಕಟ್ಟಡಗಳು ಎತ್ತರವಾದಷ್ಟೂ, ಗಾಳಿಯಿಲ್ಲದ ನಿರ್ಮಲ ರಾತ್ರಿಗಳಲ್ಲಿ ನಗರಕ್ಕೂ ಹಳ್ಳಿಗೂ ನಡುವಿನ ಅಂತರ ಹೆಚ್ಚುತ್ತದೆ.

ಹೊವಾರ್ಡನ ಹಳ್ಳಿಯೂ ಹೀಗೆ ಬೀದಿಗಳ ಊರಾಯಿತು. ಪ್ಲಾಸ್ಟೋ ಸೇರಿದ್ದ ವೆಸ್ಟ್ ಹ್ಯಾಮ್‌ನಲ್ಲಿ 1851ರಲ್ಲಿ ಸುಮಾರು 19 ಸಾವಿರ ಜನರಿದ್ದರು; 1901ಕ್ಕೆ 2.67 ಲಕ್ಷ. ಹಡಗುಕಟ್ಟೆ, ಕಾರ್ಖಾನೆಗಳು ಬಂದವು, ಹಿಂದೆಯೇ ಒತ್ತೊತ್ತಾಗಿ ಸಾಲುಮನೆಗಳು. ಹೊವಾರ್ಡ್ ಯಾವುದನ್ನು ‘ಹಳ್ಳಿ’ ಎಂದು ಅಳೆದಿದ್ದನೋ ಅದೇ ಲಂಡನ್ ಆಯಿತು.

ಬೆಂಗಳೂರಿನ ಕಥೆ ಇದಕ್ಕಿಂತ ವೇಗದ್ದು. 2007ರಲ್ಲಿ 110 ಹಳ್ಳಿಗಳು ಆಗಿನ ನಗರಪಾಲಿಕೆಯಾದ ಬಿಬಿಎಂಪಿಗೆ ಸೇರಿದವು. ಆದರೆ ಬದಲಾವಣೆ ಸರ್ಕಾರಿ ಆದೇಶಕ್ಕೆ ಕಾಯುವುದಿಲ್ಲ. ಪಂಚಾಯಿತಿ ಇರುವಾಗಲೇ ಒಂದು ಊರನ್ನು ಪಟ್ಟಣವೆಂದು ಎಣಿಸಲು ನಮ್ಮ ಜನಗಣತಿಗೆ ಮೂರು ಅಳತೆಗಳಿವೆ: ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಕನಿಷ್ಠ ಶೇ. 75 ಮಂದಿ ಬೇಸಾಯದಾಚೆಯ ಕೆಲಸದಲ್ಲಿರುವುದು. ಈ ಮೂರನೆಯದನ್ನು ನಾನು ಹವಾಮಾನದ ಸೂಚಕವೆಂದೇ ಓದುತ್ತೇನೆ. ಬೇಸಾಯ ಬಿಟ್ಟ ಹೊಲ ಸೈಟಾಗುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ಮಾಲೀಕರ ಮನೆಯ ಮೇಲೆ ಬಾಡಿಗೆಯ ಮಹಡಿಗಳು ಏಳುತ್ತವೆ. ಅಕ್ಕಪಕ್ಕದ ಗೋಡೆಗಳ ನಡುವೆ ಪೊರಕೆ ತೂರಿದರೆ ಹೆಚ್ಚು. ಹೆಂಚಿನ ಮಾಡು ತೆಳು, ಬೇಗ ಕಾಯುತ್ತದೆ, ಬೇಗ ಆರುತ್ತದೆ. ಆರ್‌ಸಿಸಿ ತಾರಸಿ ಹಾಗಲ್ಲ. ಏಪ್ರಿಲಿನಲ್ಲಿ ರಾತ್ರಿ ಒಂಬತ್ತಕ್ಕೆ ತಾರಸಿಗೆ ಹೋಗಿ ಪಡುವಣ ಪ್ಯಾರಾಪೆಟ್‌ಗೆ ಅಂಗೈ ಒತ್ತಿ ನೋಡಿ. ಗಾಳಿ ತಣ್ಣಗಿದ್ದರೂ ಗೋಡೆ ಬೆಚ್ಚಗಿರುತ್ತದೆ. ಅದೇ ಗೋಡೆಯ ಕೆಳಗಡೆ ನಿಮ್ಮ ಮಲಗುವ ಕೋಣೆಯಿದೆ.

ಮೊಬೈಲು ತೋರಿಸುವ ಉಷ್ಣತೆಯಲ್ಲಿ ಇದು ಸಿಗದು. ಅದು ವಿಶಾಲ ಪ್ರದೇಶವೊಂದಕ್ಕೆ ಹಾಕಿದ ಅಂದಾಜು, ನಿಮ್ಮ ಬೀದಿಯದಲ್ಲ. ಬಿಳಿ ಬಣ್ಣ ಬಳಿದರೆ ಮನೆಯೇ ತಂಪಾಗುತ್ತದೆ ಎಂಬ ಜಾಹೀರಾತನ್ನೂ ಅರ್ಧ ಮಾತ್ರ ನಂಬಿ. ತಾರಸಿಗೆ ಬಿಳಿ ಬಳಿದರೆ ಖಂಡಿತ ಉಪಯೋಗವಿದೆ, ಏಕೆಂದರೆ ತಾರಸಿಗೆ ಆಕಾಶ ಕಾಣುತ್ತದೆ. ಗಲ್ಲಿಯೊಳಗಿನ ಗೋಡೆಗೆ ಬಳಿದರೆ ಬಿಸಿಲು ಎದುರುಮನೆಗೆ ಬೀಳುತ್ತದೆ, ಅಷ್ಟೇ.

ಊರಿಗೆ ಆಕಾಶವನ್ನೂ ನೆರಳನ್ನೂ ಉಳಿಸಿಕೊಡುವ ಏರ್ಪಾಡು ನಮ್ಮ ಹಳ್ಳಿಗಳಲ್ಲೇ ಇದೆ: ಕೆರೆಯಂಗಳ, ಗುಂಡುತೋಪು. ಕೆರೆಯಂಗಳ ರಾತ್ರಿ ಬಯಲಿನ ಹಾಗೆ ಶಾಖ ಬಿಡುತ್ತದೆ. ತೋಪಿನ ಮಾವು, ಹಲಸು, ಹುಣಸೆ ಮರಗಳು ಹಗಲಿನಲ್ಲಿ ನೆರಳು ಕೊಟ್ಟು, ಎಲೆಯಿಂದ ನೀರಾವಿ ಬಿಟ್ಟು, ಕಾವು ನೆಲಕ್ಕೆ ಇಳಿಯದಂತೆ ತಡೆಯುತ್ತವೆ. ಹೊಸ ಬಡಾವಣೆಗೆ ಒಪ್ಪಿಗೆ ಕೊಡುವ ಮುಂಚೆ ಕಂದಾಯ ನಕ್ಷೆ ಬಿಡಿಸಿ, ಗುಂಡುತೋಪಿನ ಸರ್ವೆ ನಂಬರಿಗೆ ಬೇಲಿ ಹಾಕಿಸುವಂತೆ ಪಂಚಾಯಿತಿಯನ್ನು ಕೇಳಬಹುದು. ಆ ಓದುಗರು ಈ ವಾರವೇ ಮಾಡಬಹುದಾದ ಕೆಲಸ ಅದು.