ಪುಟ್ಟ ಟೇಬಲ್ ಸಾ, ಎಂಟಡಿ ಪ್ಲೈವುಡ್

ಟೇಬಲ್ ಸಾ ಪುಟ್ಟದು. ಪ್ಲೈವುಡ್ ಶೀಟು 8 ಅಡಿ ಉದ್ದ, 4 ಅಡಿ ಅಗಲ. 18 ಎಂಎಂ ಆದರೆ ತೂಕ ಸುಮಾರು 30 ಕೆಜಿ. ಬ್ಲೇಡ್ ದಾಟಿದ ತುದಿ ಆಧಾರ ಇಲ್ಲದೆ ಜಗ್ಗುತ್ತೆ, ಈ ಕಡೆ ಮೇಲೇಳುತ್ತೆ, ಹಲಗೆ ಫೆನ್ಸ್ ಬಿಟ್ಟು ವಾಲುತ್ತೆ. ಬ್ಲೇಡಿನ ಹಿಂದಿನ ಹಲ್ಲು ಅದನ್ನ ಕಚ್ಚಿತು ಅಂದ್ರೆ, ನೇರ ನಿಮ್ಮ ಹೊಟ್ಟೆಗೇ ಬಂದು ಬಡಿಯುತ್ತೆ. ಇದನ್ನ ತಡೆಯೋಕೇ ಬ್ಲೇಡಿನ ಹಿಂದೆ ಇರೋ ರೈವಿಂಗ್ ನೈಫ್ ದಯವಿಟ್ಟು ಬಿಚ್ಚಿಡಬೇಡಿ.

ಸಾ ಹಿಂದೆ ಒಂದು ಮೇಜು ಇಡಿ. ಸಾ ಮಟ್ಟಕ್ಕಿಂತ 1–2 ಎಂಎಂ ತಗ್ಗಿರಲಿ. ಎತ್ತರವಾದರೆ ಹಲಗೆ ಅಂಚಿಗೆ ತಗುಲಿ ಅರ್ಧಕ್ಕೇ ನಿಂತುಬಿಡುತ್ತೆ. ಮೇಲೆ ಸನ್‌ಮೈಕಾ ಅಂಟಿಸಿ, ಸಲೀಸಾಗಿ ಜಾರುತ್ತೆ.

ಇಡೀ ಶೀಟನ್ನಂತೂ ಒಬ್ಬರೇ ಹತ್ತಿಸಲೇಬೇಡಿ. ನೆಲಕ್ಕೆ ಥರ್ಮಾಕೋಲ್ ಹಾಸಿ, ಸರ್ಕ್ಯುಲರ್ ಸಾದಲ್ಲಿ ಅಳತೆಗಿಂತ ಚೂರು ದೊಡ್ಡದಾಗಿ ಕತ್ತರಿಸಿ. ಆಮೇಲೆ ಫೆನ್ಸ್‌ಗೆ ಆನಿಸಿ ಸರಿಯಳತೆಗೆ ತನ್ನಿ.