ಲಿಫ್ಟ್ ಏಳದಿದ್ದರೆ ಪಂಪ್ ಬಿಚ್ಚುವ ಮೊದಲು ಒತ್ತಡ ಅಳೆಯಿರಿ

ನಾಟಿ ಹೊತ್ತಿಗೆ ಟ್ರ್ಯಾಕ್ಟರಿನ ಲಿಫ್ಟ್ ಕೈಕೊಟ್ಟರೆ ನಮಗೆ ಸಿಗುವ ಮೊದಲ ಉತ್ತರ ಒಂದೇ: "ಪಂಪ್ ಹೋಯ್ತು ಸ್ವಾಮಿ, ಹೊಸದು ಹಾಕ್ಬೇಕು." ನಾಲೆಯಲ್ಲಿ ನೀರು ಬಂದಿದೆ, ಗದ್ದೆ ಕೆಸರು ಮಾಡಬೇಕು, ಬಾಡಿಗೆ ಟ್ರ್ಯಾಕ್ಟರ್ ಸಿಗುವುದಿಲ್ಲ. ಹೂಂ ಅನ್ನದೆ ಬೇರೆ ದಾರಿ ಇಲ್ಲ.

ಭದ್ರಾವತಿ ಹೊಸಮನೆ ಕಡೆಯ ಪರಿಚಯದ ಕೃಷಿಕರೊಬ್ಬರಿಗೆ ಹೀಗೇ ಆಯಿತು. ರೋಟವೇಟರ್ ಅರ್ಧಕ್ಕೆ ಎದ್ದು ನಿಲ್ಲುತ್ತಿತ್ತು. ಪಂಪ್ ಬದಲಾಯಿಸಿದರು. ಮತ್ತೆ ಅರ್ಧಕ್ಕೇ ನಿಂತಿತು! ಕೊನೆಗೆ ಲಿಫ್ಟಿನ ಸಿಲಿಂಡರ್ ಬಿಚ್ಚಿದಾಗ ಪಿಸ್ಟನ್ನಿನ ಓ-ರಿಂಗ್ ಹರಿದದ್ದು ಕಂಡಿತು. ರಿಂಗಿನ ಬೆಲೆ ಪಂಪಿನ ಮುಂದೆ ಲೆಕ್ಕಕ್ಕೇ ಇಲ್ಲ. ಮೊದಲೇ ಒಂದು ಗೇಜು ಹಾಕಿ ನೋಡಿದ್ದರೆ ಹತ್ತು ನಿಮಿಷದ ಕೆಲಸ.

ಗೇಜು ಏನು ಹೇಳುತ್ತದೆ?

ಟ್ರ್ಯಾಕ್ಟರಿನ ಹಿಂದಿನ ಟಯರಿನಲ್ಲಿರುವ ಗಾಳಿ ಒಂದು ಬಾರ್ ಆಸುಪಾಸು. ಲಿಫ್ಟಿನ ಎಣ್ಣೆಯದ್ದು ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ 150ರಿಂದ 200 ಬಾರ್. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಚದರ ಸೆಂಟಿಮೀಟರಿಗೆ ಒಂದು ಕಿಲೊ, ಇಲ್ಲವೇ 14.5 ಪಿಎಸ್ಐ. ಮೂರಿಂಚು ಅಡ್ಡಳತೆಯ ಪಿಸ್ಟನ್ ಇದೆ ಅನ್ನಿ. ಅದರ ಮುಖ ಸುಮಾರು 45 ಚದರ ಸೆಂಟಿಮೀಟರ್. 150 ಬಾರ್ ಒತ್ತಡಕ್ಕೆ ಅದನ್ನು ತಳ್ಳುವ ಬಲ ಆರೂಮುಕ್ಕಾಲು ಟನ್ನಿನಷ್ಟು. ಒತ್ತಡ 100ಕ್ಕೆ ಇಳಿದರೆ ಬಲ ನಾಲ್ಕೂವರೆ ಟನ್ನು. ಕಲ್ಟಿವೇಟರ್ ಎತ್ತುವ ಟ್ರ್ಯಾಕ್ಟರ್ ರೋಟವೇಟರ್ ಎತ್ತಲು ಏದುಸಿರು ಬಿಡುವುದು ಇದರಿಂದಲೇ.

ಹಾಗಂತ ಒತ್ತಡ ಬೇಕಾಬಿಟ್ಟಿ ಏರುವಂತಿಲ್ಲ. ಮಿತಿ ದಾಟಿದ ಕೂಡಲೇ ರಿಲೀಫ್ ವಾಲ್ವ್ ತೆರೆದು ಎಣ್ಣೆಯನ್ನು ವಾಪಸ್ ಟ್ಯಾಂಕಿಗೆ ಬಿಡುತ್ತದೆ. ನಾವು ಅಳೆಯುವುದು ಈ ವಾಲ್ವ್ ತೆರೆಯುವ ಒತ್ತಡವನ್ನು.

ಜೋಡಿಸುವುದು ಹೇಗೆ?

ಬೇಕಾದ್ದು ಮೂರೇ ಸಾಮಾನು: ಗೇಜು, ಒಂದು ಮೀಟರ್ ಹೈಡ್ರಾಲಿಕ್ ಹೋಸು, ಟ್ರ್ಯಾಕ್ಟರಿಗೆ ಕೂರುವ ನಿಪ್ಪಲ್. ಗೇಜು 300 ಬಾರಿಗಿಂತ ಮೇಲಿನದಿರಲಿ, 400ರದ್ದು ಸಿಕ್ಕರೂ ಆದೀತು. 200ರ ಗೇಜಿಗೆ 200 ಬಾರ್ ಕೊಟ್ಟರೆ ಮುಳ್ಳು ಕೊನೆಗೆ ಬಡಿದು ಬಲುಬೇಗ ಹಾಳಾಗುತ್ತದೆ. ಒಳಗೆ ಗ್ಲಿಸರಿನ್ ತುಂಬಿದ ಗೇಜನ್ನೇ ಕೇಳಿ. ಒಣ ಗೇಜಿನ ಮುಳ್ಳು ಎಂಜಿನ್ನಿನ ಅದುರಿಗೆ ಕುಣಿಯುತ್ತದೆ, ಓದಲು ಆಗುವುದಿಲ್ಲ.

ಹೋಸಿನ ತುದಿಗಳನ್ನು ಮೆಷಿನ್ನಿನಲ್ಲೇ ಒತ್ತಿಸಿ. ಕ್ಲಿಪ್ ಬಿಗಿದು ಸುಧಾರಿಸುವ ಜಾಗ ಇದಲ್ಲ. ನೀರಿನ ಜಿಐ ಪೈಪಿನ ಬೆಂಡು, ಸಾಕೆಟ್ಟುಗಳೂ ಬೇಡವೇ ಬೇಡ. ಅವು ಈ ಒತ್ತಡಕ್ಕೆ ಮಾಡಿದವಲ್ಲ.

ಟಿಪ್ಪಿಂಗ್ ಟ್ರೈಲರಿಗೆ ಕೊಡುವ ಎಣ್ಣೆ ಪೈಪಿನ ಕಪ್ಲರ್ ನಿಮ್ಮ ಟ್ರ್ಯಾಕ್ಟರಿನಲ್ಲಿದ್ದರೆ ಕೆಲಸ ಸಲೀಸು. ಅದಕ್ಕೆ ಕೂರುವ ಜೋಡಿ ತುದಿಯನ್ನು ಹೋಸಿಗೆ ಹಾಕಿಸಿದರೆ ಆಯಿತು. ಇಲ್ಲದಿದ್ದರೆ ಲಿಫ್ಟಿನ ಮೇಲ್ಭಾಗದಲ್ಲಿ ಪರೀಕ್ಷೆಗೆಂದೇ ಬಿಟ್ಟ ಪ್ಲಗ್ ಎಲ್ಲಿದೆ ಎಂದು ಟ್ರ್ಯಾಕ್ಟರಿನ ಪುಸ್ತಕ ನೋಡಿ. ಆ ಪ್ಲಗ್ಗನ್ನೇ ಬಿಚ್ಚಿ ಅಂಗಡಿಗೆ ಒಯ್ಯಿರಿ. ಥ್ರೆಡ್ಡಿನಲ್ಲಿ ನಾಲ್ಕಾರು ಜಾತಿ ಇವೆ, ಕಣ್ಣಳತೆಗೆ ಎಲ್ಲ ಒಂದೇ. ಸರಿಹೊಂದದ್ದನ್ನು ತಿರುಗಿಸಿದರೆ ಎರಡು ಸುತ್ತು ಕೂತಂತೆ ಮಾಡಿ ಒತ್ತಡ ಬಂದಾಗ ಹಾರುತ್ತದೆ. ಅಂಗಡಿಯಲ್ಲಿ ಹೊಂದುವ ನಿಪ್ಪಲ್ ಸಿಗದಿದ್ದರೆ ಲೇತಿನಲ್ಲಿ ಮಾಡಿಸಬಹುದು. 1923ರಿಂದ ಕಬ್ಬಿಣ ಕರಗಿಸಿದ ಊರು ನಮ್ಮದು, ಲೇತ್ ಕೆಲಸ ಬಲ್ಲವರಿಗೆ ಬರವಿಲ್ಲ. ಉಕ್ಕಿನದ್ದೇ ಮಾಡಿಸಿ. ಬಿಳಿ ಟೇಪ್ ಸುತ್ತುವ ಅಭ್ಯಾಸ ಇಲ್ಲಿ ಬಿಡಿ. ಅದರ ಚೂರು ಒಳಗೆ ಹೋದರೆ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ. ನೇರ ಥ್ರೆಡ್ಡಿಗೆ ರಬ್ಬರ್ ಅಂಚಿನ ವಾಷರ್ ಸಾಕು.

ಅಳೆಯುವ ಕ್ರಮ

ಮೊದಲು ಎಣ್ಣೆ ಮಟ್ಟ ನೋಡಿ. ಎಣ್ಣೆಯೇ ಕಡಿಮೆ ಇದ್ದರೆ ಅಳೆದು ಪ್ರಯೋಜನವಿಲ್ಲ. ಕಾಲು ಗಂಟೆ ಲಿಫ್ಟ್ ಎತ್ತಿಳಿಸಿ ಎಣ್ಣೆ ಬಿಸಿ ಮಾಡಿ. ತಣ್ಣಗಿನ ಎಣ್ಣೆ ದಪ್ಪ, ಅದರಲ್ಲಿ ಸವೆದ ಪಂಪೂ ಒಳ್ಳೆಯದರಂತೆ ನಟಿಸುತ್ತದೆ.

ಆಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಸಾಮಾನು ನೆಲಕ್ಕಿಳಿಸಿ ಎಂಜಿನ್ ಆರಿಸಿ. ಲೀವರನ್ನು ನಾಲ್ಕು ಸಲ ಮೇಲೆ ಕೆಳಗೆ ಮಾಡಿದರೆ ಉಳಿದ ಒತ್ತಡ ಇಳಿಯುತ್ತದೆ. ಪ್ಲಗ್ಗಿನ ಸುತ್ತ ಒರೆಸಿ ಗೇಜು ಕೂರಿಸಿ. ಎಂಜಿನ್ ನಿಧಾನದಲ್ಲಿಟ್ಟು ಸೋರಿಕೆ ನೋಡಿ, ಆದರೆ ಕೈಯಿಂದಲ್ಲ. ಒಂದು ರಟ್ಟಿನ ತುಂಡು ಹಿಡಿಯಿರಿ. ಕೂದಲೆಳೆಯಂಥ ಎಣ್ಣೆ ಚಿಮ್ಮಿದರೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಒಳಗೆ ಮಾಂಸ ಕೊಳೆಯುತ್ತದೆ, ಬೆರಳು ಹೋಗಬಹುದು. ಹಾಗಾದರೆ ಮುಲಾಮು ಹಚ್ಚಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ "ಹೈಡ್ರಾಲಿಕ್ ಎಣ್ಣೆ ಒಳಗೆ ನುಗ್ಗಿದೆ" ಅಂತ ಬಾಯಿಬಿಟ್ಟು ಹೇಳಿ.

ಸೋರಿಕೆ ಇಲ್ಲವೆಂದಾದರೆ ಪುಸ್ತಕದಲ್ಲಿ ಹೇಳಿದ ವೇಗಕ್ಕೆ ಎಂಜಿನ್ ಏರಿಸಿ. ಎಣ್ಣೆಯನ್ನು ಟ್ರೈಲರ್ ಪೈಪಿನ ಕಡೆ ತಿರುಗಿಸಿ. ಅಲ್ಲಿ ಗೇಜು ಬಿಟ್ಟರೆ ದಾರಿ ಇಲ್ಲ, ಒತ್ತಡ ಏರಿ ರಿಲೀಫ್ ವಾಲ್ವ್ ಕೀರಲು ಸದ್ದು ಮಾಡುತ್ತದೆ. ಪ್ಲಗ್ಗಿನ ಜಾಗದಲ್ಲಿ ಗೇಜು ಹಾಕಿದವರು ಲಿಫ್ಟನ್ನು ತುದಿವರೆಗೆ ಏರಿಸಿ, ಪುಸ್ತಕದಲ್ಲಿ ಹೇಳಿದಂತೆ ವಾಲ್ವ್ ತೆರೆಯುವ ಹಾಗೆ ಮಾಡಬೇಕು. ಓದಿ, ಐದಾರು ಸೆಕೆಂಡಿನಲ್ಲಿ ಲೀವರ್ ಬಿಡಿ. ಹಿಡಿದೇ ಇದ್ದರೆ ಎಣ್ಣೆ ಕಾಯುತ್ತದೆ.

ಮುಳ್ಳಿನ ಭಾಷೆ

ಪುಸ್ತಕದ ಅಂಕಿಯೇ ಬಂತೇ? ಹಂಗಾದ್ರೆ ಪಂಪಿನ ತಂಟೆಗೆ ಹೋಗಬೇಡಿ. ತೊಂದರೆ ಸಿಲಿಂಡರಿನ ರಿಂಗಿನಲ್ಲೋ, ಲೀವರ್ ಜೋಡಣೆಯಲ್ಲೋ ಇದೆ, ಇಲ್ಲ ನೀವು ಕಟ್ಟಿದ ಸಾಮಾನೇ ಟ್ರ್ಯಾಕ್ಟರಿಗೆ ಭಾರ. ಎತ್ತಿಟ್ಟು ಎಂಜಿನ್ ಆರಿಸಿದಾಗ ರೋಟವೇಟರ್ ಬೇಗ ಕೆಳಗಿಳಿದರೆ ರಿಂಗಿನ ಮೇಲೆ ಅನುಮಾನ ಇನ್ನೂ ಗಟ್ಟಿ.

ಅಂಕಿ ಕಡಿಮೆ, ಆದರೆ ಎಂಜಿನ್ ನಿಧಾನವಿದ್ದಾಗಲೂ ಜೋರಿದ್ದಾಗಲೂ ಅಷ್ಟೇ ಇದ್ದರೆ ರಿಲೀಫ್ ವಾಲ್ವಿನ ಸ್ಪ್ರಿಂಗ್ ಸೋತಿರಬೇಕು. ಎಂಜಿನ್ ಏರಿಸಿದಂತೆ ಮುಳ್ಳೂ ಏರಿ, ಆದರೂ ಗುರಿ ಮುಟ್ಟದಿದ್ದರೆ ಎಲ್ಲೋ ಎಣ್ಣೆ ನುಸುಳುತ್ತಿದೆ: ಪಂಪ್ ಸವೆದಿದೆ, ಇಲ್ಲವೇ ವಾಲ್ವಿನಡಿ ಕಸ ಕೂತಿದೆ. ಮೊದಲು ವಾಲ್ವ್ ತೊಳೆದು ನೋಡಿ, ಅದು ಪುಕ್ಕಟೆ. ಮುಳ್ಳು ನಡುಗುತ್ತಾ ಪಂಪ್ ಗೋಳಿಟ್ಟರೆ, ಎಣ್ಣೆಯಲ್ಲಿ ನೊರೆ ಇದ್ದರೆ, ಗಾಳಿ ಎಳೆಯುತ್ತಿದೆ ಅಥವಾ ಜಾಲರಿ ಕಟ್ಟಿದೆ. ಕೆಸರು ಗದ್ದೆಯಲ್ಲಿ ದುಡಿಯುವ ಟ್ರ್ಯಾಕ್ಟರಿನ ಎಣ್ಣೆಗೆ ನೀರು ಸೇರಿ ಹಾಲಿನಂತಾಗುವುದೂ ಉಂಟು. ಆಗ ಎಣ್ಣೆ ಬದಲಿಸದೆ ಬೇರೇನೂ ಮಾಡಬೇಡಿ.

ಗೇಜಿಗೂ ಒಂದು ಮಿತಿಯಿದೆ. ಅದು ಒತ್ತಡ ಹೇಳುತ್ತದೆ, ಎಣ್ಣೆ ಎಷ್ಟು ಹರಿಯುತ್ತಿದೆ ಎಂದು ಹೇಳುವುದಿಲ್ಲ. ಸ್ವಲ್ಪ ಸವೆದ ಪಂಪ್ ಒತ್ತಡ ಪೂರ್ತಿ ಕೊಟ್ಟೂ ಎತ್ತುವಾಗ ಆಮೆ ಆಗಬಹುದು. ಅದಕ್ಕೆ ಕೈಗಡಿಯಾರ ಸಾಕು: ಅದೇ ರೋಟವೇಟರ್, ಅದೇ ಎಂಜಿನ್ ವೇಗ, ನೆಲದಿಂದ ತುದಿಗೆ ಏಳಲು ಎಷ್ಟು ಸೆಕೆಂಡ್?

ಕೆಲವರು ರಿಲೀಫ್ ವಾಲ್ವಿನ ಸ್ಪ್ರಿಂಗಿನಡಿ ಒಂದೆರಡು ವಾಷರ್ ತುರುಕಿ "ಈಗ ನೋಡಿ, ಹೆಂಗೆ ಎತ್ತುತ್ತೆ" ಅನ್ನುತ್ತಾರೆ. ಎತ್ತುತ್ತದೆ, ನಿಜ. ಮುಂದೊಂದು ದಿನ ಪಂಪೋ ಲಿಫ್ಟಿನ ಕವರೋ ಸೀಳುತ್ತದೆ. ಗೇಜು ಇಲ್ಲದೆ ಈ ವಾಲ್ವ್ ಮುಟ್ಟಲು ಯಾರಿಗೂ ಬಿಡಬೇಡಿ. ಗೇಜು ಇದ್ದರೂ ಪುಸ್ತಕದ ಅಂಕಿ ದಾಟಬೇಡಿ.

ಇಡೀ ಜೋಡಣೆಯ ಖರ್ಚು ಹೊಸ ಪಂಪಿನ ಹತ್ತಿರಕ್ಕೂ ಬರುವುದಿಲ್ಲ. ವರ್ಷಕ್ಕೆ ಎರಡು ಸಲ ಬೇಕಾಗುವ ವಸ್ತು, ನಾಲ್ಕೈದು ಮನೆಯವರು ಸೇರಿ ಒಂದು ಮಾಡಿಸಿಕೊಳ್ಳಬಹುದು. ನಿಪ್ಪಲ್ ಮಾತ್ರ ಅವರವರ ಟ್ರ್ಯಾಕ್ಟರಿಗೆ ಬೇರೆ. ಟ್ರ್ಯಾಕ್ಟರ್ ಚೆನ್ನಾಗಿರುವಾಗಲೇ ಒಮ್ಮೆ ಅಳೆದು, ಅಂಕಿ, ಸೆಕೆಂಡು, ತಾರೀಕನ್ನು ಮಡ್‌ಗಾರ್ಡಿನ ಒಳಗೆ ಪೇಂಟಿನಲ್ಲಿ ಬರೆದಿಡಿ. ಗೇಜಿನ ತುದಿಗೆ ಮುಚ್ಚಳ ಹಾಕಿ ಬಟ್ಟೆ ಸುತ್ತಿಡಿ. ಸ್ಪಾನರ್ ಡಬ್ಬಿಯಲ್ಲಿ ಬೇಡ.