ಒಂದು ತಂಡವನ್ನು ಮರಳಿ ಕಟ್ಟಿದ ಬಗೆ

ಮಗು ಶಾಲೆಯಿಂದ ಮನೆಗೆ ಬಂದೊಡನೆ ‘ಅಂಕ ಎಷ್ಟು ಬಂತು?’ ಎಂದು ಕೇಳುವುದು ಹೆತ್ತವರಿಗೆ ರೂಢಿಯಾಗಿದೆ. ಆಟದ ಬಯಲಿನಿಂದ ಬಂದವನಿಗೂ ಇದೇ ಬಗೆಯ ಪ್ರಶ್ನೆ: ‘ಗೆದ್ದಿರೋ, ಸೋತಿರೋ?’ ಈ ಪ್ರಶ್ನೆ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಅಂಕವೆಂಬುದು ಕೊಂಬೆಯ ತುದಿಯ ಹಣ್ಣು. ಹಣ್ಣನ್ನು ಎಣಿಸುವವರು ಬಹಳ ಮಂದಿ. ಬೇರಿಗೆ ನೀರೆರೆಯುವವರು ಕೆಲವರೇ. ಬೇರಿಗೆ ನೀರೆರೆದು, ಫಲಕ್ಕಾಗಿ ಹದಿನಾರು ವರ್ಷ ಕಾದ ಒಬ್ಬ ಉಪಾಧ್ಯಾಯರ ವೃತ್ತಾಂತವನ್ನು ನಮ್ಮ ವಿದ್ಯಾರ್ಥಿಗಳ ಮತ್ತು ಅವರ ಹೆತ್ತವರ ಮುಂದೆ ಇಡಬಯಸುತ್ತೇವೆ. ಅವರು ಅಮೆರಿಕದ ಜಾನ್ ವುಡನ್ನರು. ಅವರು ಕಲಿಸಿದ ವಿದ್ಯೆ ಬಾಸ್ಕೆಟ್‌ಬಾಲ್ ಆಟ.

ಮೊದಲು ಆಟದ ವಿಷಯವಾಗಿ ಎರಡು ಮಾತು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು ಈ ಆಟವನ್ನು ಕಲ್ಪಿಸಿದರು. ಚಳಿಗಾಲದಲ್ಲಿ ಹೊರಗೆ ಆಡಲಾಗದ ತರುಣರಿಗೆ ಒಳಾಂಗಣದಲ್ಲಿ ಒಂದು ಆಟ ಬೇಕಾಗಿತ್ತು. ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ತೂಗುಹಾಕಿ, ಅದರೊಳಗೆ ಚೆಂಡನ್ನು ಎಸೆಯಬೇಕೆಂದು ಅವರು ನಿಯಮ ಮಾಡಿದರು. ಬುಟ್ಟಿಯ ಸ್ಥಾನದಲ್ಲಿ ಇಂದು ಕಬ್ಬಿಣದ ಬಳೆ ಇದೆ; ಎತ್ತರ ಮಾತ್ರ ಅದೇ ಹತ್ತು ಅಡಿ. ಒಂದೊಂದು ಕಡೆಗೆ ಐವರು ಆಟಗಾರರು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂತಿಲ್ಲ. ನೆಲಕ್ಕೆ ಪುಟಿಸುತ್ತ ಸಾಗಬೇಕು, ಇಲ್ಲವೇ ಜೊತೆಗಾರನಿಗೆ ಎಸೆಯಬೇಕು. ಒಬ್ಬನೇ ಎಷ್ಟು ಸಮರ್ಥನಾದರೂ ಉಳಿದ ನಾಲ್ವರ ನೆರವಿಲ್ಲದೆ ಗೆಲ್ಲುವುದು ಕಷ್ಟ.

ವುಡನ್ನರು ಹುಟ್ಟಿದ್ದು 1910ರಲ್ಲಿ, ಇಂಡಿಯಾನಾ ಸಂಸ್ಥಾನದ ಒಂದು ಒಕ್ಕಲು ಮನೆತನದಲ್ಲಿ. ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ಅವರು ದೇಶದ ಹೆಸರಾಂತ ಆಟಗಾರರಲ್ಲಿ ಒಬ್ಬರು. 1932ರಲ್ಲಿ ಪದವೀಧರರಾದ ಮೇಲೆ ಅವರು ಹಿಡಿದದ್ದು ಪ್ರೌಢಶಾಲೆಯ ಉಪಾಧ್ಯಾಯ ವೃತ್ತಿಯನ್ನು. ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯದ ಪಾಠ, ಸಂಜೆ ಆಟದ ಪಾಠ. ಸುಮಾರು ಹನ್ನೊಂದು ವರ್ಷ ಇದೇ ಅವರ ದಿನಚರಿಯಾಗಿತ್ತು.

ಆ ದಿನಗಳಲ್ಲಿ ಅವರ ಮನಸ್ಸನ್ನು ಕಾಡಿದ ಒಂದು ಸಂಗತಿಯನ್ನು ಹೆತ್ತವರು ವಿಶೇಷವಾಗಿ ಗಮನಿಸಬೇಕೆಂದು ನಮ್ಮ ಅಪೇಕ್ಷೆ. ತಮ್ಮ ಮಗುವಿಗೆ ಅತ್ಯುತ್ತಮ ಶ್ರೇಣಿ ಬಾರದಿದ್ದರೆ, ಮಗುವೋ ಉಪಾಧ್ಯಾಯರೋ ಸೋತರೆಂದೇ ಕೆಲವು ತಂದೆತಾಯಿಗಳು ತೀರ್ಮಾನಿಸುತ್ತಿದ್ದರು. ಎಲ್ಲ ಮಕ್ಕಳ ಶಕ್ತಿಯೂ ಒಂದೇ ಸಮನಲ್ಲವಷ್ಟೆ? ತನ್ನ ಶಕ್ತಿಯನ್ನೆಲ್ಲ ಧಾರೆಯೆರೆದು ನಡುವಣ ಶ್ರೇಣಿ ಪಡೆದ ಮಗು ಸೋತಿತೆ? ಅರ್ಧ ಮನಸ್ಸಿನಿಂದ ಓದಿ ಮೇಲಿನ ಶ್ರೇಣಿ ಪಡೆದದ್ದು ಗೆದ್ದಿತೆ? ಈ ಪ್ರಶ್ನೆಯಿಂದ ಹೊರಟು 1934ರಲ್ಲಿ ಅವರು ಯಶಸ್ಸಿಗೆ ತಮ್ಮದೇ ಒಂದು ಲಕ್ಷಣವನ್ನು ಬರೆದುಕೊಂಡರು. ತಾನು ಆಗಬಲ್ಲಷ್ಟು ಉತ್ತಮನಾಗಲು ಶಕ್ತಿಮೀರಿ ಯತ್ನಿಸಿದ್ದೇನೆ ಎಂಬ ಅರಿವಿನಿಂದ ಹುಟ್ಟುವ ಮನಶ್ಶಾಂತಿಯೇ ಯಶಸ್ಸು ಎಂಬುದು ಅದರ ತಾತ್ಪರ್ಯ. ಆಮೇಲಿನ ಕೆಲಸವನ್ನೆಲ್ಲ ಅವರು ಅಳೆದದ್ದು ಈ ಕೋಲಿನಿಂದಲೇ.

ಎರಡನೆಯ ಮಹಾಯುದ್ಧದಲ್ಲಿ ನೌಕಾದಳದ ಸೇವೆ ಮುಗಿಸಿದ ವುಡನ್ನರು 1946ರಲ್ಲಿ ಇಂಡಿಯಾನಾದ ಅಧ್ಯಾಪಕರ ಕಾಲೇಜೊಂದರ ತಂಡಕ್ಕೆ ಮುಖ್ಯ ಶಿಕ್ಷಕರಾದರು. ಮರುವರ್ಷವೇ ಅವರಿಗೆ ಒಂದು ಪರೀಕ್ಷೆ ಎದುರಾಯಿತು. ಅವರ ತಂಡವನ್ನು ಒಂದು ರಾಷ್ಟ್ರೀಯ ಪಂದ್ಯಾವಳಿಗೆ ಕರೆದರು. ಆದರೆ ಕರಿಯ ಜನಾಂಗದವರು ಅದರಲ್ಲಿ ಆಡಕೂಡದೆಂಬ ಕಟ್ಟಳೆ ಇತ್ತು. ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕರಿಯ ತರುಣನಿದ್ದನು. ಅವನನ್ನು ಬಿಟ್ಟು ಬರುವುದಿಲ್ಲವೆಂದು ವುಡನ್ನರು ಆಹ್ವಾನವನ್ನೇ ನಿರಾಕರಿಸಿದರು. 1948ರಲ್ಲಿ ಆ ಕಟ್ಟಳೆ ಬಿದ್ದುಹೋಯಿತು. ವಾಕರನು ಆ ಪಂದ್ಯಾವಳಿಯಲ್ಲಿ ಆಡಿದ ಮೊದಲ ಕರಿಯ ಆಟಗಾರನಾದನು. ಐವರಲ್ಲಿ ಒಬ್ಬನನ್ನು ಹೊಸ್ತಿಲಾಚೆ ನಿಲ್ಲಿಸಿ ಉಳಿದ ನಾಲ್ವರಿಗೆ ಒಗ್ಗಟ್ಟನ್ನು ಬೋಧಿಸುವುದು ಸಾಧ್ಯವೆ?

ಅದೇ 1948ರಲ್ಲಿ ಅವರು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲಾಸ್ ಏಂಜಲಿಸ್ ಶಾಖೆಗೆ, ಎಂದರೆ ಯು.ಸಿ.ಎಲ್.ಎ.ಗೆ, ಮುಖ್ಯ ಶಿಕ್ಷಕರಾಗಿ ಹೋದರು. ಹಿಂದಿನ ವರ್ಷ ಅಲ್ಲಿನ ತಂಡವು 12 ಪಂದ್ಯಗಳನ್ನು ಗೆದ್ದು 13ನ್ನು ಸೋತಿತ್ತು. ಈ ವರ್ಷ ಅದು ತನ್ನ ವಿಭಾಗದಲ್ಲಿ ಕಟ್ಟಕಡೆಯದಾಗುವುದೆಂದು ಬಲ್ಲವರು ಭವಿಷ್ಯ ನುಡಿದರು. ಸಂಬಳ ವರ್ಷಕ್ಕೆ 6,000 ಡಾಲರು. ಅದು ಸಂಸಾರಕ್ಕೆ ಸಾಲದೆ, ಮೊದಲ ಕೆಲವು ವರ್ಷ ಅವರು ಬೆಳಗಿನ ಹೊತ್ತು ಒಂದು ಹಾಲಿನ ಕಾರ್ಖಾನೆಯಲ್ಲಿ ದುಡಿದು, ಮಧ್ಯಾಹ್ನ ಕಾಲೇಜಿಗೆ ಬರುತ್ತಿದ್ದರು.

ಬಂದರೆ ಅಲ್ಲಿ ಇದ್ದ ಅನುಕೂಲವಾದರೂ ಏನು? ಆಡಲು ಸಿಕ್ಕಿದ್ದು ಹಳೆಯ ವ್ಯಾಯಾಮಶಾಲೆಯ ಮೇಲಂತಸ್ತಿನ ಒಂದು ಅಂಗಣ. ಅದೇ ಅಂಗಣದಲ್ಲಿ, ಅದೇ ಹೊತ್ತಿನಲ್ಲಿ, ಒಂದು ಕಡೆ ಕುಸ್ತಿಯವರು, ಇನ್ನೊಂದು ಕಡೆ ಅಂಗಸಾಧನೆಯವರು. ಗಾಳಿಯಿಲ್ಲದ ಆ ಕೋಣೆಯ ಬೆವರಿನ ವಾಸನೆಗೆ ವಿದ್ಯಾರ್ಥಿಗಳು ಪರಿಹಾಸದ ಹೆಸರೊಂದನ್ನೇ ಇಟ್ಟಿದ್ದರು. ಮುಂದೆ, ಬೆಂಕಿಯ ಅಪಾಯವಿದೆಯೆಂದು ಅಲ್ಲಿ ಹೆಚ್ಚು ಪ್ರೇಕ್ಷಕರನ್ನು ಕೂರಿಸಲು ಅಧಿಕಾರಿಗಳು ಒಪ್ಪದೆಹೋದಾಗ, ತಂಡವು ತನ್ನ ‘ಮನೆಯ’ ಪಂದ್ಯಗಳನ್ನು ಊರೂರಿನ ಬಾಡಿಗೆಯ ಅಂಗಣಗಳಲ್ಲಿ ಆಡಬೇಕಾಯಿತು.

‘ಕುಣಿಯಲಾರದವಳು ನೆಲ ಡೊಂಕೆಂದಳು’ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ನೆಲ ನಿಜವಾಗಿಯೂ ಕೆಟ್ಟಿತ್ತು. ಆದರೂ ವುಡನ್ನರು ಅದನ್ನೊಂದು ನೆಪವಾಗಿ ಹಿಡಿಯಲಿಲ್ಲ. ಅಭ್ಯಾಸಕ್ಕೆ ಮುನ್ನ, ಹಲವು ವರ್ಷಗಳ ಕಾಲ, ತಾವೇ ಪೊರಕೆ ಹಿಡಿದು ಅಂಗಣದ ಧೂಳು ಗುಡಿಸಿ ಒರೆಸುತ್ತಿದ್ದರು. ಕಡೆಯದಾಗಬೇಕಾಗಿದ್ದ ತಂಡ ಆ ಮೊದಲ ವರ್ಷದಲ್ಲಿಯೇ 22 ಪಂದ್ಯಗಳನ್ನು ಗೆದ್ದು, ಏಳನ್ನು ಮಾತ್ರ ಸೋತು, ವಿಭಾಗದಲ್ಲಿ ಮೊದಲನೆಯದಾಯಿತು.

ಇದು ಸಾಧ್ಯವಾದದ್ದು ಹೇಗೆ? ಮೊದಲನೆಯ ದಿನದ ಪಾಠವನ್ನು ಕೇಳಿದರೆ ನಮ್ಮ ಮಕ್ಕಳು ನಕ್ಕಾರು: ಕಾಲುಚೀಲವನ್ನು ಹಾಕಿಕೊಳ್ಳುವ ಕ್ರಮ! ಕಾಲೇಜು ಓದುವ, ಆರಡಿ ಎತ್ತರದ ತರುಣರಿಗೆ, ಬೆರಳ ಬಳಿಯೂ ಹಿಮ್ಮಡಿಯ ಬಳಿಯೂ ಚೀಲದಲ್ಲಿ ಒಂದು ಸುಕ್ಕೂ ಉಳಿಯದಂತೆ ನೇವರಿಸಿ, ಬೂಟಿನ ದಾರವನ್ನು ಬಿಗಿಯಾಗಿ ಕಟ್ಟುವುದನ್ನು ಅವರು ಮಾಡಿ ತೋರಿಸುತ್ತಿದ್ದರು. ಕಾರಣ ಸರಳ. ಸುಕ್ಕು ಕಾಲನ್ನು ಉಜ್ಜುತ್ತದೆ. ಉಜ್ಜಿದಲ್ಲಿ ಬೊಕ್ಕೆ ಏಳುತ್ತದೆ. ಬೊಕ್ಕೆ ಎದ್ದವನು ಅಭ್ಯಾಸ ತಪ್ಪಿಸುತ್ತಾನೆ. ಅಭ್ಯಾಸ ತಪ್ಪಿದವನು ಪಂದ್ಯದಲ್ಲಿ ತಡವರಿಸುತ್ತಾನೆ. ದೊಡ್ಡ ಸೋಲು ಎಷ್ಟು ಸಣ್ಣ ಸುಕ್ಕಿನಲ್ಲಿ ಅಡಗಿರಬಹುದು ನೋಡಿರಿ!

ಅಭ್ಯಾಸದ ಸಮಯವೂ ಹೀಗೆಯೇ ಲೆಕ್ಕದ್ದು. ಎರಡು ಗಂಟೆಯ ಅಭ್ಯಾಸಕ್ಕೆ, ಅವರೂ ಅವರ ಸಹಾಯಕರೂ ಬೆಳಗ್ಗೆ ಅಷ್ಟೇ ಹೊತ್ತು ಕುಳಿತು ಯೋಜನೆ ಮಾಡುತ್ತಿದ್ದರು. ಯಾವ ನಿಮಿಷದಲ್ಲಿ ಯಾವ ಪಾಠ ಎಂಬುದನ್ನು ಒಂದು ಸಣ್ಣ ಕಾರ್ಡಿನಲ್ಲಿ ಬರೆದುಕೊಂಡು ಅಂಗಣಕ್ಕೆ ಇಳಿಯುತ್ತಿದ್ದರು. ಆ ಕಾರ್ಡುಗಳನ್ನು ವರ್ಷವರ್ಷವೂ ಕಾದಿರಿಸಿ ಹೋಲಿಸಿ ನೋಡುತ್ತಿದ್ದರು. ಕಲಿಸುವ ಕ್ರಮ ನಾಲ್ಕು ಮೆಟ್ಟಿಲಿನದು: ಮೊದಲು ವಿವರಿಸುವುದು, ಬಳಿಕ ಮಾಡಿ ತೋರಿಸುವುದು, ಆಮೇಲೆ ಶಿಷ್ಯನಿಂದ ಮಾಡಿಸುವುದು, ಕೊನೆಗೆ ಅದು ರೂಢಿಯಾಗುವವರೆಗೆ ಮತ್ತೆ ಮತ್ತೆ ಮಾಡಿಸುವುದು.

1974-75ರಲ್ಲಿ ರೋಲಂಡ್ ಥಾರ್ಪ್, ರೊನಾಲ್ಡ್ ಗ್ಯಾಲಿಮೋರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಅವರ ಹದಿನೈದು ಅಭ್ಯಾಸಗಳನ್ನು ನೋಡಿ, ಅವರು ಶಿಷ್ಯರಿಗೆ ಹೇಳಿದ, ತೋರಿಸಿದ 2,326 ಸಂದರ್ಭಗಳನ್ನು ಬಗೆಬಗೆಯಾಗಿ ವಿಂಗಡಿಸಿದರು. ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು, ಏನು ಮಾಡಬೇಕು, ಹೇಗೆ ಮಾಡಬೇಕು ಎಂಬ ತಿಳಿವಳಿಕೆಯ ಮಾತುಗಳು. ಹೊಗಳಿಕೆ ನೂರಕ್ಕೆ ಸುಮಾರು ಏಳು. ಅಸಮಾಧಾನವೂ ಹೆಚ್ಚುಕಡಿಮೆ ಅಷ್ಟೇ. ತಪ್ಪು ಮಾಡಿದವನನ್ನು ಬೈದು ಬಿಟ್ಟರೆ ಅವನಿಗೆ ತಪ್ಪಾಯಿತೆಂದು ಮಾತ್ರ ತಿಳಿಯುತ್ತದೆ. ಸರಿಯಾದದ್ದು ಯಾವುದೆಂದು ತಿಳಿಯುವುದಿಲ್ಲ. ಬರಿಯ ‘ಭೇಷ್’ ಎಂಬ ಮಾತಿನ ಗತಿಯೂ ಅದೇ. ವುಡನ್ನರು ತಪ್ಪನ್ನು ಕಂಡಲ್ಲಿ ಸರಿಯಾದುದನ್ನು ತೋರಿಸಿ, ತಪ್ಪಾದುದನ್ನು ತೋರಿಸಿ, ಮತ್ತೊಮ್ಮೆ ಸರಿಯಾದುದನ್ನೇ ತೋರಿಸಿ ಮುಂದಕ್ಕೆ ಹೋಗುತ್ತಿದ್ದರು; ಇದಕ್ಕೆ ಹಿಡಿಯುತ್ತಿದ್ದುದು ಕೆಲವೇ ಕ್ಷಣಗಳು. ಮನೆಯಲ್ಲಿ ಮಕ್ಕಳ ಲೆಕ್ಕವನ್ನು ತಿದ್ದುವ ಹಿರಿಯರಿಗೂ ಈ ರೀತಿ ಉಪಯುಕ್ತವೆಂದು ನಮಗೆ ತೋರುತ್ತದೆ.

ಇಷ್ಟೆಲ್ಲ ಇದ್ದರೂ ರಾಷ್ಟ್ರದ ಅಗ್ರಸ್ಥಾನ ಕೈಗೆ ಬರಲಿಲ್ಲ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಹದಿನೈದು ವರ್ಷ ಬರಲಿಲ್ಲ. 1959-60ರಲ್ಲಿಯಂತೂ 14 ಗೆಲುವಿಗೆ 12 ಸೋಲು. ಆಗ ವುಡನ್ನರು ದೈವವನ್ನಾಗಲಿ ಶಿಷ್ಯರನ್ನಾಗಲಿ ದೂರದೆ, ತಮ್ಮ ಹಳೆಯ ಕಾರ್ಡುಗಳನ್ನೂ ಟಿಪ್ಪಣಿಗಳನ್ನೂ ಹರಡಿಕೊಂಡು ಕುಳಿತರು. ಋತುವಿನ ಕೊನೆಯ ಮುಖ್ಯ ಪಂದ್ಯಗಳ ಹೊತ್ತಿಗೆ ಹುಡುಗರು ದಣಿದುಹೋಗುತ್ತಿದ್ದರೆಂಬುದು ಅದರಿಂದ ಹೊಳೆಯಿತು. ಅಭ್ಯಾಸದ ರೀತಿಯನ್ನು ಬದಲಿಸಿದರು. ಸಹಾಯಕರಾದ ಜೆರಿ ನಾರ್ಮನ್ನರು ವುಡನ್ನರ ಹಳೆಯ ಶಿಷ್ಯರು. ಅಂಗಣದ ಉದ್ದಕ್ಕೂ ಎದುರಾಳಿಯನ್ನು ಒತ್ತುವ ಕ್ರಮವನ್ನು ಹಿಡಿಯೋಣವೆಂದು ಅವರು ಒತ್ತಾಯಿಸಿದಾಗ, ಗುರುಗಳು ಶಿಷ್ಯರ ಮಾತನ್ನು ಒಪ್ಪಿದರು.

ಆ ಕ್ರಮವನ್ನು ಸ್ವಲ್ಪ ವಿವರಿಸುತ್ತೇವೆ. ಅಂಗಣದ ಉದ್ದ 94 ಅಡಿ. ಒಂದು ತಂಡ ಅಂಕ ಗಳಿಸಿದ ಮೇಲೆ, ಎದುರಾಳಿಯು ಐದು ಸೆಕೆಂಡುಗಳೊಳಗೆ ಚೆಂಡನ್ನು ಅಂಗಣದೊಳಕ್ಕೆ ಎಸೆದು, ಹತ್ತು ಸೆಕೆಂಡುಗಳೊಳಗೆ ನಡುಗೆರೆ ದಾಟಿಸಬೇಕು. ಸಾಮಾನ್ಯವಾಗಿ ಅಂಕ ಗಳಿಸಿದವರು ತಮ್ಮ ಬುಟ್ಟಿಯ ಕಾವಲಿಗೆ ಹಿಂದಿರುಗುತ್ತಾರೆ. ಎದುರಾಳಿ ನಿಶ್ಚಿಂತೆಯಿಂದ ಮುಂದೆ ಬರುತ್ತಾನೆ. ಯು.ಸಿ.ಎಲ್.ಎ. ತರುಣರು ಹಿಂದಿರುಗುತ್ತಿರಲಿಲ್ಲ. ಮುಂದೆ ಇಬ್ಬರು, ಅವರ ಹಿಂದೆ ಇಬ್ಬರು, ಕಡೆಯಲ್ಲಿ ಒಬ್ಬ, ಹೀಗೆ ನಿಂತು ಅಲ್ಲಿಂದಲೇ ದಾರಿಗಟ್ಟುತ್ತಿದ್ದರು. ಚೆಂಡನ್ನು ಕಸಿಯುವುದಕ್ಕಿಂತಲೂ ಎದುರಾಳಿಯಲ್ಲಿ ಆತುರವನ್ನು ಹುಟ್ಟಿಸುವುದೇ ಇದರ ಗುರಿ. ಆತುರಪಟ್ಟವನು ತಪ್ಪಾಗಿ ಎಸೆಯುತ್ತಾನೆ. ಎತ್ತರ ಕಡಿಮೆಯಿದ್ದು ಕಾಲು ಚುರುಕಾದ ತಂಡಕ್ಕೆ ಇದು ಹೇಳಿ ಮಾಡಿಸಿದ ಉಪಾಯ.

1963-64ರ ತಂಡ ಅಂಥದೇ. ಮೊದಲ ಐವರಲ್ಲಿ ಆರಡಿ ಐದು ಅಂಗುಲಕ್ಕಿಂತ ಎತ್ತರದವನು ಒಬ್ಬನೂ ಇರಲಿಲ್ಲ. ಈ ಆಟದಲ್ಲಿ ಅದು ಗಿಡ್ಡತನವೇ. ಆದರೂ ಅವರು ಆಡಿದ 30 ಪಂದ್ಯಗಳನ್ನೂ ಗೆದ್ದರು. 1964ರ ಮಾರ್ಚಿನಲ್ಲಿ ಕನ್ಸಾಸ್ ಸಿಟಿಯಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ಎತ್ತರದ ಆಟಗಾರರು 30-27ರಿಂದ ಮುಂದಿದ್ದರು. ಮುಂದಿನ ಎರಡೂವರೆ ನಿಮಿಷಗಳಲ್ಲಿ ಯು.ಸಿ.ಎಲ್.ಎ. ಒಂದೇ ಸಮನೆ 16 ಅಂಕ ಗಳಿಸಿತು. ಡ್ಯೂಕಿಗೆ ಒಂದೂ ದಕ್ಕಲಿಲ್ಲ. ಪಂದ್ಯ 98-83ರಲ್ಲಿ ಮುಗಿಯಿತು. ಬಂದ ಹದಿನಾರನೆಯ ಋತುವಿನಲ್ಲಿ ವುಡನ್ನರ ತಂಡ ರಾಷ್ಟ್ರದಲ್ಲಿ ಮೊದಲನೆಯದಾಯಿತು.

ಮರುವರ್ಷವೂ ಅದೇ ಗೆಲುವು. ಸುಸಜ್ಜಿತವಾದ ಹೊಸ ಕ್ರೀಡಾಮಂದಿರ ಆ ತಂಡಕ್ಕೆ ದೊರೆತದ್ದು ಅದಾದ ಮೇಲೆ, 1965ರಲ್ಲಿ. ಕಟ್ಟಡ ಬಂದು ಗೆಲುವು ಬಂದುದಲ್ಲ. ಗೆಲುವು ಬಂದ ಮೇಲೆ ಕಟ್ಟಡ ಬಂದುದು. 1975ರಲ್ಲಿ ವುಡನ್ನರು ನಿವೃತ್ತರಾಗುವ ವೇಳೆಗೆ ಹನ್ನೆರಡು ವರ್ಷಗಳಲ್ಲಿ ಹತ್ತು ಬಾರಿ ರಾಷ್ಟ್ರದ ಪ್ರಶಸ್ತಿ ಬಂದಿತ್ತು. ನಡುವೆ 88 ಪಂದ್ಯಗಳ ಅಖಂಡ ಜಯಮಾಲೆಯೂ ಸೇರಿತ್ತು. 2010ರಲ್ಲಿ, ತಮ್ಮ 99ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಚಿತ್ರದ ಇನ್ನೊಂದು ಮಗ್ಗುಲನ್ನು ಮರೆಮಾಡುವುದು ನ್ಯಾಯವಲ್ಲ. ಗೆಲುವಿನ ವರ್ಷಗಳಲ್ಲಿ ಅಸಾಧಾರಣ ಪ್ರತಿಭೆಯ, ಏಳಡಿ ಎತ್ತರದ ಆಟಗಾರರೂ ಅವರಿಗೆ ದೊರೆತರು. ಎಲ್ಲವೂ ಬೋಧನೆಯ ಫಲವೇ ಎನ್ನಲಾಗದು. ಒಬ್ಬ ಸಿರಿವಂತ ಅಭಿಮಾನಿ ಆಟಗಾರರಿಗೆ ನಿಯಮಕ್ಕೆ ವಿರುದ್ಧವಾಗಿ ನೆರವು ನೀಡುತ್ತಿದ್ದನೆಂಬ ದೂರು, ವುಡನ್ನರ ನಿವೃತ್ತಿಯ ಬಳಿಕ ಪತ್ರಿಕೆಗಳಲ್ಲಿ ಬಯಲಿಗೆ ಬಂತು. 1981ರಲ್ಲಿ ಕಾಲೇಜಿಗೆ ದಂಡನೆಯೂ ಆಯಿತು. ಗೆಲುವು ಹೆಚ್ಚಿದ ಮನೆಗೆ ಹೊಗಳುವವರೊಡನೆ ಕೆಡಿಸುವವರೂ ಬರುತ್ತಾರೆ. ಬಡತನದಲ್ಲಿ ಬೇಕಾದ ಎಚ್ಚರ ಸಿರಿಯಲ್ಲಿ ಇಮ್ಮಡಿ ಬೇಕು.

ಆದರೂ ಮೊದಲ ಹದಿನೈದು ವರ್ಷಗಳ ಸಂಪತ್ತು ಯಾವ ದೂರಿನಿಂದಲೂ ಕರಗುವಂಥದಲ್ಲ. ಆ ಅವಧಿಯಲ್ಲಿ ಕಲಿತು ಹೋದ ಹುಡುಗರಿಗೆ ರಾಷ್ಟ್ರದ ಪ್ರಶಸ್ತಿ ಬರಲಿಲ್ಲ. ಅವರಿಗೂ ಅದೇ ಕಾಲುಚೀಲದ ಪಾಠ, ಅದೇ ಕಾರ್ಡು, ಅದೇ ಗುಡಿಸಿದ ನೆಲ. ಅವರನ್ನು ಸೋತವರೆಂದು ವುಡನ್ನರು ಎಂದೂ ಎಣಿಸಲಿಲ್ಲ.

ಗಡಿಯಾಚೆ ಕನ್ನಡದಲ್ಲಿ ಕಲಿಸುವ ನಮ್ಮಂಥ ಶಾಲೆಗಳಿಗೆ ಕಟ್ಟಡದ ಕೊರತೆ, ಬಯಲಿನ ಕೊರತೆ, ಮಕ್ಕಳ ಸಂಖ್ಯೆಯ ಚಿಂತೆ ಹೊಸವಲ್ಲ. ಇವುಗಳನ್ನು ತುಂಬಿಕೊಡುವ ಹೊಣೆ ಹಿರಿಯರಾದ ನಮ್ಮದು; ಅದರಿಂದ ನಾವು ನುಣುಚಿಕೊಳ್ಳಲಾಗದು. ಆದರೆ ಅವು ತುಂಬುವವರೆಗೆ ಪಾಠ ಕಾಯಬೇಕಾಗಿಲ್ಲ. ವಿದ್ಯಾರ್ಥಿಗಳೇ, ಇಂದಿನ ಸಣ್ಣ ಸುಕ್ಕನ್ನು ಇಂದೇ ನೇವರಿಸಿರಿ. ಹೆತ್ತವರೇ, ನಾಳೆ ಮಗು ಮನೆಗೆ ಬಂದಾಗ ಅಂಕವನ್ನು ಕೇಳುವ ಮುನ್ನ, ‘ಇಂದು ಏನು ಕಲಿತೆ? ನನಗೂ ಒಮ್ಮೆ ತೋರಿಸು’ ಎಂದು ಕೇಳಿ ನೋಡಿರಿ.